ಬಿಗಿಯುವ ಮೊದಲು ಬಿಡೋಕೆ ಬರಬೇಕು: ಒಬ್ಬ ಟೀಚರ್ ಮತ್ತು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ

2025ರ ಜುಲೈ ಎರಡನೇ ವಾರ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ದಾವಣಗೆರೆ ಕಡೆಯ ಒಂದು ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಒಬ್ಬ ಟೀಚರ್ ನನ್ನ ಕ್ಲಿನಿಕ್ಕಿಗೆ ಬಂದರು. ಬ್ಯಾಗಿನಿಂದ ಮಡಚಿದ ದಿನಪತ್ರಿಕೆ ತೆಗೆದು ಕುರ್ಚಿಯ ಮೇಲೆ ಹಾಸಿದರು. ಆಮೇಲೆ ಕೂತರು. ನಾನು ಏನೂ ಕೇಳಲಿಲ್ಲ. ಅವರೇ ಹೇಳಿದರು: "ಬಸ್ಸಲ್ಲಿ ಕೆಮ್ಮು ಬಂತು ಡಾಕ್ಟ್ರೇ. ನಿಮ್ಮ ಕುರ್ಚಿ ಹಾಳಾಗಬಾರದು."

ವಯಸ್ಸು 44. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ಅವರದು. ಎರಡು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಸ್ತ್ರೀರೋಗ ತಜ್ಞೆಯೊಬ್ಬರು ನೋಡಿ, ಚೀಟಿ ಬರೆದು ನನ್ನ ಹತ್ತಿರ ಕಳಿಸಿದ್ದರು. ಮನೆಯಲ್ಲಿ ಮಾತ್ರ ಮಂಡಿನೋವಿಗೆ ಫಿಸಿಯೋಥೆರಪಿ ಅಂತ ಹೇಳಿ ಬಂದಿದ್ದರು.

ಅವರ ಒಪ್ಪಿಗೆ ತೆಗೆದುಕೊಂಡು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಸೊಂಟದ ತಳದ ಸ್ನಾಯುಗಳಿಗೆ ಫಿಸಿಯೋಥೆರಪಿ ಮಾಡುವ ಇಂಥ ಚಿಕಿತ್ಸೆ ಒಂದಿದೆ ಅಂತಲೇ ತುಂಬಾ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಒಳಗೆ ಹೋದರೆ ಏನು ಮಾಡ್ತಾರೋ ಅನ್ನುವ ಭಯ ಇರುತ್ತದೆ. ಆ ಬಾಗಿಲ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಒಬ್ಬರ ಕಥೆಯಲ್ಲೇ ಪೂರ್ತಿ ಹೇಳುತ್ತೇನೆ.

ತೊಂದರೆ ಏನು

ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಹನಿಯುತ್ತಿತ್ತು. ನೀರಿನ ಕೊಡ ಎತ್ತಿದರೂ ಅಷ್ಟೇ. ಶುರುವಾಗಿ ಒಂಬತ್ತು ವರ್ಷ. ಕಳೆದ ಎರಡು ವರ್ಷದಿಂದ ಇನ್ನೊಂದೂ ಸೇರಿಕೊಂಡಿತ್ತು. ಶಾಲೆಯಿಂದ ಬಂದು ಮನೆಯ ಬೀಗಕ್ಕೆ ಕೀಲಿ ಹಾಕುವಾಗಲೇ ತಡೆಯೋಕೆ ಆಗದಷ್ಟು ಅರ್ಜೆಂಟ್ ಆಗುತ್ತಿತ್ತು. ಎಷ್ಟೋ ಸಲ ಬಚ್ಚಲುಮನೆ ತಲುಪುವುದರೊಳಗೆ ಆಗಿಹೋಗುತ್ತಿತ್ತು.

ನಲಿ-ಕಲಿಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು, ಏಳಬೇಕು. ದಿನಕ್ಕೆ ಮೂವತ್ತು ನಲವತ್ತು ಸಲ. ಏಳುವ ಪ್ರತಿ ಸಲವೂ ಅವರಿಗೆ ಒಂದು ಪರೀಕ್ಷೆ. ಮಕ್ಕಳಿಗೆ ಕೇಳುವ ಹಾಗೆ ದನಿ ಎತ್ತಿದರೂ ಹನಿ ಬೀಳುತ್ತಿತ್ತು. ಹಳೇ ಕಾಟನ್ ಸೀರೆಯ ತುಂಡು ಮಡಚಿ ದಿನಕ್ಕೆ ನಾಲ್ಕು ಸಲ ಬದಲಿಸುತ್ತಿದ್ದರು. ತಿಳಿ ಬಣ್ಣದ ಸೀರೆ ಉಡುವುದನ್ನೇ ಬಿಟ್ಟಿದ್ದರು. ಹಿಂದಿನ ವರ್ಷ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋದಾಗ ಇವರೊಬ್ಬರೇ ಜ್ವರ ಅಂತ ಹೇಳಿ ಉಳಿದುಕೊಂಡಿದ್ದರು.

"ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಅಂದ್ರು ನಮ್ಮತ್ತೆ. ಅವರಿಗೂ ಇದೆಯಂತೆ," ಅಂದರು.

ಹಾಗೆ ತುಂಬಾ ಜನಕ್ಕೆ ಆಗುತ್ತದೆ, ನಿಜ. ಆದರೆ ತುಂಬಾ ಜನಕ್ಕೆ ಆಗುತ್ತದೆ ಅಂದ ಮಾತ್ರಕ್ಕೆ ಅದನ್ನು ಹೊತ್ತುಕೊಂಡೇ ಬದುಕಬೇಕು ಅಂತ ಯಾರು ಹೇಳಿದರು? ಈ ಮಾತನ್ನು ನಾನು ಕೆಲಸ ಶುರು ಮಾಡಿದ ದಿನದಿಂದ ಹೇಳುತ್ತಿದ್ದೇನೆ. ಇನ್ನೂ ಹೇಳಬೇಕಾಗಿದೆ ಅನ್ನೋದು ಬೇಜಾರಿನ ವಿಷಯ.

ಮೊದಲ ದಿನ ಬರೀ ಮಾತು

ಮೊದಲ ಭೇಟಿ ಒಂದು ಗಂಟೆ. ಅದರಲ್ಲಿ ಮುಕ್ಕಾಲು ಭಾಗ ಮಾತುಕತೆ. ಹೆರಿಗೆ ಹೇಗಾಯಿತು, ಹೊಲಿಗೆ ಬಿತ್ತಾ, ಮಗುವಿನ ತೂಕ ಎಷ್ಟಿತ್ತು, ಮುಟ್ಟು ಹೇಗಿದೆ, ಸೊಂಟನೋವು ಇದೆಯಾ, ಎರಡಕ್ಕೆ ಸರಿಯಾಗಿ ಆಗುತ್ತಾ, ಗಂಡನ ಜೊತೆ ಸೇರುವಾಗ ನೋವಿದೆಯಾ. ಕೊನೆಯ ಎರಡು ಪ್ರಶ್ನೆ ಕೇಳಿದಾಗ ಸಾಮಾನ್ಯವಾಗಿ ಎಲ್ಲರೂ ಕಿಟಕಿ ಕಡೆ ನೋಡುತ್ತಾರೆ. ಇವರೂ ನೋಡಿದರು. ಎರಡಕ್ಕೂ ಉತ್ತರ "ಸ್ವಲ್ಪ" ಅಂತ ಬಂತು. ಆ "ಸ್ವಲ್ಪ"ವನ್ನು ನಾನು ಅಂದೇ ಇನ್ನೂ ಬಿಡಿಸಿ ಕೇಳಬೇಕಿತ್ತು. ಎರಡನೇ ವಾರದಲ್ಲಿ ಗೊತ್ತಾಯಿತು, ಅವರಿಗೆ ಮಲಬದ್ಧತೆ ಸ್ವಲ್ಪ ಅಲ್ಲ, ವಾರಕ್ಕೆ ಎರಡೇ ಸಲ ಆಗುತ್ತಿತ್ತು, ಅದೂ ಉಸಿರು ಕಟ್ಟಿ ಮುಕ್ಕಿ ಮುಕ್ಕಿ.

ಹೆರಿಗೆಯ ಕಥೆ ಕೇಳಿ. ಮೊದಲನೇ ಮಗು 3.6 ಕೆಜಿ, ವ್ಯಾಕ್ಯೂಮ್ ಹಾಕಿ ತೆಗೆದಿದ್ದರು. ತವರಿನಲ್ಲಿ ಮೂರು ತಿಂಗಳು ಬಾಣಂತನ. ಎಣ್ಣೆ ನೀರು, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾಗಿ ಸೀರೆ ಕಟ್ಟುವುದು, ಕುಡಿಯೋಕೆ ನೀರು ಮಾತ್ರ ಲೆಕ್ಕ ಹಾಕಿ. ಬಾಣಂತನದಲ್ಲಿ ಒಳ್ಳೆಯದು ಎಷ್ಟೋ ಇದೆ. ಬಾಣಂತಿಗೆ ವಿಶ್ರಾಂತಿ ಸಿಗುತ್ತದೆ, ಮಗು ನೋಡಿಕೊಳ್ಳೋಕೆ ಕೈಗಳು ಸಿಗುತ್ತವೆ. ಆದರೆ ನೀರು ಕಮ್ಮಿ ಮಾಡಿದರೆ ಮಲ ಗಟ್ಟಿಯಾಗುತ್ತದೆ. ಹೊಲಿಗೆಯ ಜಾಗಕ್ಕೆ, ಸುಸ್ತಾದ ಸ್ನಾಯುವಿಗೆ ಮುಕ್ಕುವ ಭಾರ ಬೀಳುತ್ತದೆ. ಹೊಟ್ಟೆಯನ್ನು ತೀರಾ ಬಿಗಿದು ಕಟ್ಟಿದರೆ ಒತ್ತಡ ಕೆಳಗೇ ಹೋಗುತ್ತದೆ. ಆರು ವಾರಕ್ಕೆ ಆಸ್ಪತ್ರೆಗೆ ಹೋದಾಗ ಹೊಲಿಗೆ ನೋಡಿದರು, ಮಗುವಿಗೆ ಚುಚ್ಚುಮದ್ದು ಹಾಕಿದರು. "ಕೆಮ್ಮಿದ್ರೆ ಹನಿ ಬೀಳುತ್ತಾ?" ಅಂತ ಒಬ್ಬರೂ ಕೇಳಲಿಲ್ಲ. ಫ್ರಾನ್ಸ್‌ನಲ್ಲಿ ಹೆರಿಗೆಯಾದವರಿಗೆ ಈ ಸ್ನಾಯುಗಳ ತರಬೇತಿಯನ್ನು ಸರ್ಕಾರದ ಆರೋಗ್ಯ ವಿಮೆಯೇ ಕೊಡಿಸುತ್ತದೆ. ನಮ್ಮಲ್ಲಿ ಆ ಒಂದು ಪ್ರಶ್ನೆ ಕೇಳಿದರೂ ಎಷ್ಟೋ ಆಗುತ್ತಿತ್ತು.

ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ, ಸ್ಕ್ಯಾನ್ ಎಲ್ಲ ಮೊದಲೇ ಆಗಿದ್ದವು. ಸೋಂಕು ಇಲ್ಲ, ಶುಗರ್ ಇಲ್ಲ. ಮೂತ್ರ ಮಾಡಿದ ಮೇಲೆ ಒಳಗೆ ಉಳಿಯುವುದೂ ಕಮ್ಮಿಯೇ. ಮೂತ್ರಕೋಶ ಒಂಚೂರು ಕೆಳಗೆ ಜಾರಿತ್ತು, ಮೊದಲ ಹಂತ. ಈ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ವ್ಯಾಯಾಮ ಶುರು ಮಾಡಬಾರದು. ಮೂತ್ರದಲ್ಲಿ ರಕ್ತ ಕಂಡರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಸೊಂಟನೋವಿನ ಜೊತೆ ಕೂರುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಇದ್ದಕ್ಕಿದ್ದ ಹಾಗೆ ಕಾಲು ಸೋತು ಹಿಡಿತ ತಪ್ಪಿದರೆ, ಅದು ತುರ್ತು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಕಾಲು ಗಂಟೆಯಲ್ಲಿ ಸೊಂಟದ ಮೂಳೆಯ ಮಾದರಿ ತೆಗೆದು ತೋರಿಸಿದೆ. ಮುಂದೆ ಗುಪ್ತಾಂಗದ ಮೇಲಿನ ಮೂಳೆ, ಹಿಂದೆ ಬಾಲದ ಮೂಳೆ. ಈ ಎರಡರ ಮಧ್ಯೆ ಮಗು ಮಲಗಿಸೋ ಸೀರೆ ಜೋಲಿಯ ಹಾಗೆ ಹರಡಿಕೊಂಡಿರುವುದೇ ಪೆಲ್ವಿಕ್ ಫ್ಲೋರ್, ಅಂದರೆ ತಳದ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶ, ಮಲದ ಕರುಳು ಮೂರನ್ನೂ ಕೆಳಗಿನಿಂದ ಹೊರುತ್ತವೆ. ಕೆಮ್ಮು ಬಂದಾಗ ಮೇಲಿನಿಂದ ಒತ್ತಡ ಬೀಳುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಜೋಲಿ ಮೇಲಕ್ಕೆ ಎಳೆದುಕೊಂಡು ಮೂತ್ರನಾಳವನ್ನು ಮುಚ್ಚಿ ಹಿಡಿಯಬೇಕು. ಹಿಡಿಯದಿದ್ದರೆ ಹನಿ.

ಟೀಚರ್ ಆ ಮಾದರಿಯನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ತಿರುಗಿಸಿ ನೋಡಿದರು. "ಇಪ್ಪತ್ತು ವರ್ಷದಿಂದ ಮಕ್ಕಳಿಗೆ ದೇಹದ ಭಾಗಗಳು ಹೇಳಿಕೊಡ್ತೀನಿ. ಇದೊಂದು ಇದೆ ಅಂತ ನನಗೇ ಗೊತ್ತಿರಲಿಲ್ಲ ನೋಡಿ," ಅಂದರು.

ಮೂರು ದಿನದ ಲೆಕ್ಕ

ಮನೆಗೆ ಹೋಗುವಾಗ ಒಂದು ಹಾಳೆ ಕೊಟ್ಟೆ. ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಒಂದಕ್ಕೆ ಹೋದಿರಿ, ಎಷ್ಟು ಮಿಲಿ ಲೀಟರ್ ಆಯಿತು, ಯಾವಾಗ ಲೀಕ್ ಆಯಿತು ಬರೆದು ತನ್ನಿ ಅಂದೆ. ಅಳೆಯೋಕೆ ಅವರೇ ಒಂದು ಉಪಾಯ ಮಾಡಿಕೊಂಡರು. ಹಳೇ ಪ್ಲಾಸ್ಟಿಕ್ ಮಗ್ಗಿಗೆ ಅಡುಗೆಮನೆಯ ಅಳತೆ ಲೋಟದಿಂದ ನೀರು ಸುರಿದು, ಐವತ್ತು ಐವತ್ತು ಮಿಲಿಗೆ ಉಗುರಿನ ಬಣ್ಣದಲ್ಲಿ ಗೆರೆ ಎಳೆದರು. ಟೀಚರ್ ಅಲ್ವಾ, ಹಾಳೆಗೆ ಮಾರ್ಜಿನ್ ಕೂಡ ಹಾಕಿ ತಂದಿದ್ದರು.

ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ಹಗಲು ಹೊತ್ತು 13 ಸಲ ಹೋಗಿದ್ದಾರೆ. ಪ್ರತಿ ಸಲ 80, 100, 120 ಮಿಲಿ. ಮನೆ ಬಿಡುವಾಗ ಒಂದು ಸಲ, ಬಸ್ ಹತ್ತುವ ಮೊದಲು ಒಂದು ಸಲ, ಪ್ರಾರ್ಥನೆಗೆ ಮೊದಲು ಒಂದು ಸಲ. ಬರದಿದ್ದರೂ ಇರಲಿ ಅಂತ. ಶಾಲೆಯಲ್ಲಿ ಕುಡಿದ ನೀರು ಇಡೀ ದಿನಕ್ಕೆ ಒಂದೂವರೆ ಲೋಟ. ಆದರೆ ಟೀ ನಾಲ್ಕು ಸಲ.

ಬೆಳಗ್ಗೆ ಎದ್ದ ತಕ್ಷಣದ ಅಳತೆ ನೋಡಿ: 380 ಮಿಲಿ.

ಅದರ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ ತೋರಿಸಿದೆ. ದೊಡ್ಡವರ ಮೂತ್ರಕೋಶ 300ರಿಂದ 500 ಮಿಲಿ ಆರಾಮಾಗಿ ಹಿಡಿಯುತ್ತದೆ. ಅವರದೂ ರಾತ್ರಿ ಹಿಡಿದಿದೆ. ಅಂದರೆ ಚೀಲ ಚಿಕ್ಕದಾಗಿಲ್ಲ. ಹಗಲಲ್ಲಿ ನೂರು ಮಿಲಿಗೇ ಖಾಲಿ ಮಾಡಿ ಮಾಡಿ, ನೂರಕ್ಕೇ ಗಂಟೆ ಹೊಡೆಯುವ ಅಭ್ಯಾಸ ಬಿದ್ದಿದೆ. ನೀರು ಕಮ್ಮಿ ಕುಡಿದು ಮೂತ್ರ ಗಾಢವಾಗಿ, ಅದೂ ಒಳಗೆ ಕೆರಳಿಸುತ್ತದೆ. ಅವರು ನೀರು ಬಿಟ್ಟಿದ್ದು ಲೀಕ್ ಆಗಬಾರದು ಅಂತ. ಅದೇ ಅವರಿಗೆ ತಿರುಗಿ ಬಿದ್ದಿತ್ತು.

ಪರೀಕ್ಷೆ

ಎಲ್ಲರೂ ಹೆದರುವುದು ಇದಕ್ಕೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ದಿನ ಒಳಪರೀಕ್ಷೆ ಮಾಡಲಿಲ್ಲ. ಯೋಚನೆ ಮಾಡೋಕೆ ಅವರು ಒಂದು ವಾರ ಕೇಳಿದರು. ಎರಡನೇ ಭೇಟಿಯಲ್ಲಿ ಅವರೇ "ಆಗಲಿ" ಅಂದರು. ಕೋಣೆಯಲ್ಲಿ ಅವರು, ನಾನು ಇಬ್ಬರೇ. ಜೊತೆಗೆ ಯಾರಾದರೂ ಬೇಕಾ ಅಂತ ಕೇಳಿದೆ, ಬೇಡ ಅಂದರು. ಚಿಲಕ ಹಾಕಿದೆ. ಸೊಂಟದಿಂದ ಕೆಳಗೆ ಬೆಡ್‌ಶೀಟ್ ಹೊದಿಸಿದೆ. ಏನು ಮಾಡುತ್ತೇನೆ ಅಂತ ಒಂದೊಂದನ್ನೂ ಮೊದಲು ಬಾಯಲ್ಲಿ ಹೇಳಿದೆ. "ಸಾಕು" ಅಂದ ತಕ್ಷಣ ನಿಲ್ಲಿಸುತ್ತೇನೆ, ಕಾರಣ ಹೇಳಬೇಕಾಗಿಲ್ಲ ಅಂದೆ. ಗ್ಲೌಸ್, ಜೆಲ್, ಒಂದೇ ಬೆರಳು. ಹೆರಿಗೆ ಡಾಕ್ಟರು ಬಳಸುವ ಲೋಹದ ಸಲಕರಣೆ ಯಾವುದೂ ಇಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು.

ಒಳಪರೀಕ್ಷೆ ಬೇಡ ಅನ್ನುವವರಿಗೆ, ಮದುವೆಯಾಗದವರಿಗೆ ಬೇರೆ ದಾರಿ ಇದೆ. ಹೊರಗಿನಿಂದಲೇ ನೋಡಬಹುದು, ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ಸ್ನಾಯು ಎತ್ತುವುದನ್ನು ನೋಡಬಹುದು. ಬೇಡ ಅಂದರೆ ಚಿಕಿತ್ಸೆಯೇ ಇಲ್ಲ ಅಂತ ಯಾರಾದರೂ ಹೇಳಿದರೆ, ಆ ಜಾಗ ಬಿಟ್ಟು ಬನ್ನಿ.

ಟೀಚರ್ ಮೊದಲೇ ಹೇಳಿದ್ದರು: "ನಾನು ಎಂಟು ತಿಂಗಳಿಂದ ಕೀಗಲ್ ಮಾಡ್ತಾ ಇದೀನಿ. ಫೋನಲ್ಲಿ ನೋಡ್ಕೊಂಡು. ದಿನಾ ನೂರು. ಏನೂ ಕಮ್ಮಿಯಾಗಿಲ್ಲ." ಕೀಗಲ್ ಅಂದರೆ ಈ ತಳದ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ. ಹಾಗಾದರೆ ಒಂದು ಸಲ ಮಾಡಿ ತೋರಿಸಿ ಅಂದೆ.

ಮಾಡಿದರು. ಉಸಿರು ಕಟ್ಟಿದರು. ಹೊಟ್ಟೆ ಒಳಗೆ ಎಳೆದರು. ತೊಡೆ ಎರಡೂ ಗಟ್ಟಿಯಾಗಿ ಸೇರಿದವು, ಪೃಷ್ಠ ಎದ್ದಿತು, ಮುಖ ಕೆಂಪಾಯಿತು. ಬೆರಳಿಗೆ ಗೊತ್ತಾಗಿದ್ದು ಮಾತ್ರ ಮೇಲಕ್ಕೆ ಎತ್ತಿದ್ದಲ್ಲ, ಕೆಳಕ್ಕೆ ತಳ್ಳಿದ್ದು. ದಿನಾ ನೂರು ಸಲ, ಎಂಟು ತಿಂಗಳು, ಆ ಸ್ನಾಯುವನ್ನು ಅವರು ಕೆಳಕ್ಕೆ ತಳ್ಳಿದ್ದರು. ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನೆನೆದು ನನಗೆ ಆ ಹೊತ್ತು ಮಾತು ಬರಲಿಲ್ಲ.

ಅವರೊಬ್ಬರ ತಪ್ಪಲ್ಲ ಇದು. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಿಮಾತಿನಲ್ಲಿ ಹೇಳಿಕೊಟ್ಟು ಪರೀಕ್ಷೆ ಮಾಡಿದ್ದರು. ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು ಮಾತ್ರ. ನಾಲ್ವರಲ್ಲಿ ಒಬ್ಬರು ಲೀಕ್ ಇನ್ನೂ ಜಾಸ್ತಿಯಾಗಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ಈ ವ್ಯಾಯಾಮಕ್ಕೆ ಹೆಸರು ಕೊಟ್ಟ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲಿ ಮೊದಲು ಬರೆದಾಗಲೇ, ಸ್ನಾಯು ಎಷ್ಟು ಹಿಡಿಯುತ್ತಿದೆ ಅಂತ ತೋರಿಸುವ ಒಂದು ಸಲಕರಣೆಯನ್ನೂ ಜೊತೆಗೆ ಇಟ್ಟಿದ್ದರು. ಕಣ್ಣಿಗೆ ಕಾಣದ ಸ್ನಾಯುವಿಗೆ ತೋರಿಸಿಕೊಡುವವರು ಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ಆಮೇಲೆ ಜನರ ಕೈಗೆ ಬಂದಿದ್ದು ಬರೀ "ಬಿಗಿ ಹಿಡಿಯಿರಿ" ಅನ್ನುವ ಮಾತು.

ನನ್ನ ಟಿಪ್ಪಣಿ ಹೀಗಿತ್ತು. ಬಲ: ಐದಕ್ಕೆ ಎರಡು. ಹಿಡಿಯುವುದು: ಮೂರು ಸೆಕೆಂಡ್. ಬಲಗಡೆ ಸ್ನಾಯು ಸುಮ್ನೆ ಇದ್ದಾಗಲೂ ಬಿಗಿ, ಮುಟ್ಟಿದರೆ ನೋವು. ಹಿಡಿದ ಮೇಲೆ ಪೂರ್ತಿ ಬಿಡೋಕೆ ಬರುತ್ತಿಲ್ಲ. ಕೆಮ್ಮಿದಾಗ ಸ್ನಾಯು ಮೊದಲೇ ಎಚ್ಚರಗೊಳ್ಳುತ್ತಿಲ್ಲ.

ಮೊದಲ ಮೂರು ವಾರ ಕೀಗಲ್ ಬಂದ್

ಇದನ್ನು ಹೇಳಿದಾಗ ಅವರಿಗೆ ನಂಬೋಕೆ ಆಗಲಿಲ್ಲ. ಸ್ನಾಯು ಸೋತಿದೆ ಅಂತೀರಿ, ವ್ಯಾಯಾಮ ಬೇಡ ಅಂತೀರಿ?

ಮುಷ್ಟಿ ಹಿಡಿಯಿರಿ ಅಂದೆ. ಹಿಡಿದರು. ಅರ್ಧ ಮಾತ್ರ ಬಿಡಿಸಿ, ಮತ್ತೆ ಹಿಡಿಯಿರಿ. ಇನ್ನೊಂದು ಸಲ. ಹತ್ತು ಸಲ ಆಗುವಷ್ಟರಲ್ಲಿ ಕೈ ಸೋತಿತು, ಹಿಡಿತದಲ್ಲೂ ದಮ್ಮಿಲ್ಲ. ಈಗ ಕೈ ಪೂರ್ತಿ ಬಿಡಿಸಿ, ಆಮೇಲೆ ಹಿಡಿಯಿರಿ ಅಂದೆ. ವ್ಯತ್ಯಾಸ ಅವರಿಗೇ ಗೊತ್ತಾಯಿತು. ಯಾವಾಗಲೂ ಅರ್ಧ ಬಿಗಿಯಾಗಿರುವ ಸ್ನಾಯುವಿಗೆ ಬೇಕಾದಾಗ ಎತ್ತೋಕೆ ಜಾಗವೇ ಇರುವುದಿಲ್ಲ. ಒಂಬತ್ತು ವರ್ಷ ಲೀಕ್ ಆಗುತ್ತೇನೋ ಅನ್ನುವ ಭಯದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬಿಗಿ ಹಿಡಿದುಕೊಂಡೇ ಓಡಾಡಿದರೆ ಹೀಗಾಗುವುದು ಸಹಜ.

ಮಲಗಿ ಮಂಡಿ ಮಡಚುವುದು. ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ಉಸಿರು ತೆಗೆದುಕೊಂಡಾಗ ಹೊಟ್ಟೆ ಮೇಲೇಳಬೇಕು, ತಳದ ಸ್ನಾಯು ಮೆಲ್ಲಗೆ ಕೆಳಗೆ ಇಳಿದು ಸಡಿಲವಾಗಬೇಕು. ಉಸಿರು ಬಿಟ್ಟಾಗ ಅದು ತಾನಾಗಿಯೇ ಮೇಲೆ ಬರುತ್ತದೆ. ಬೆಳಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಬಲಗಡೆ ನೋವಿದ್ದ ಜಾಗಕ್ಕೆ ನಾನು ಎರಡು ಭೇಟಿಯಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಸಡಿಲಿಸಿದೆ. ಸೊಂಟ, ತೊಡೆಸಂದಿಗೆ ಒಂದೆರಡು ಸ್ಟ್ರೆಚ್.

ಟೀಚರ್‌ಗೆ ಯೋಗ ಶಿಬಿರದ ಅಭ್ಯಾಸ ಇತ್ತು. "ಇದು ಮೂಲಬಂಧ ಅಲ್ವಾ?" ಅಂತ ಕೇಳಿದರು. ಮೂಲಬಂಧ ಅಂದರೆ ಯೋಗದಲ್ಲಿ ತಳವನ್ನು ಬಿಗಿದು ಮೇಲಕ್ಕೆ ಎಳೆಯುವುದು. ಜಾಗ ಹತ್ತಿರದ್ದೇ. ಆದರೆ ಅವರು ಮೂಲಬಂಧವನ್ನು ಉಸಿರು ಕಟ್ಟಿ ಮಾಡುತ್ತಿದ್ದರು. ಹಾಗಾಗಿ ಸದ್ಯಕ್ಕೆ ಅದನ್ನೂ ನಿಲ್ಲಿಸಿ ಅಂದೆ.

ಇನ್ನು ಮಲಬದ್ಧತೆ. ಹೊಸ ಮನೆಯಲ್ಲಿ ಕಮೋಡ್ ಹಾಕಿಸಿದ್ದರು. ಹಳೇ ಮರದ ಮಣೆಯೊಂದನ್ನು ಕಾಲ ಕೆಳಗೆ ಇಟ್ಟುಕೊಳ್ಳಿ, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ, ಸ್ವಲ್ಪ ಮುಂದೆ ಬಾಗಿ, ಬಾಯಿ ತೆರೆದು ಉಸಿರು ಬಿಡುತ್ತಾ ಆಗಲು ಬಿಡಿ, ಮುಕ್ಕಬೇಡಿ ಅಂದೆ. ಕುಕ್ಕರುಗಾಲಿನಲ್ಲಿ ಕೂತಾಗ ಮಲದ ದಾರಿ ನೇರವಾಗುತ್ತದೆ, ನಮ್ಮ ಹಳೇ ಕಕ್ಕಸಿನಲ್ಲಿ ಆಗುತ್ತಿದ್ದುದು ಅದೇ. ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಟೀ ನಾಲ್ಕರಿಂದ ಎರಡಕ್ಕೆ.

"ನೀರು ಕುಡಿದ್ರೆ ಶಾಲೇಲಿ ಎಲ್ಲಿ ಹೋಗ್ಲಿ ಡಾಕ್ಟ್ರೇ?" ಅಂದರು. ಶೌಚಾಲಯ ಇತ್ತು. ಬೀಗದ ಕೈ ಹೆಡ್‌ಮಾಸ್ಟರ್ ಮೇಜಿನ ಡ್ರಾಯರಿನಲ್ಲಿ. ಎಲ್ಲರ ಮುಂದೆ ಹೋಗಿ ಕೇಳಬೇಕು. ಈ ತೊಂದರೆಗೆ ವ್ಯಾಯಾಮದಲ್ಲಿ ಔಷಧ ಇಲ್ಲ. ಕೊನೆಗೆ ಮೂವರು ಟೀಚರ್‌ಗಳು ಸೇರಿ ಒಂದು ಕೀ ಮಾಡಿಸಿಕೊಂಡರು.

ಮೂರನೇ ವಾರ ಬಂದಾಗ ಹನಿ ಬೀಳುವುದು ಹಾಗೇ ಇತ್ತು. ಆದರೆ ಮಲಬದ್ಧತೆ ಅರ್ಧ ಕಮ್ಮಿಯಾಗಿತ್ತು, ಸೇರುವಾಗಿನ ನೋವು ಇಳಿದಿತ್ತು. ಹಾಗಂತ ತಾವಾಗಿಯೇ ಹೇಳಿದರು. ಈ ಸಲ ಕಿಟಕಿ ಕಡೆ ನೋಡಲಿಲ್ಲ.

ಬಾವಿಯಿಂದ ನೀರು ಸೇದಿದ ಹಾಗೆ

ನಾಲ್ಕನೇ ವಾರ ಶುರು ಮಾಡಿದೆವು. ಗ್ಯಾಸ್ ತಡೆಯುವ ಹಾಗೆ ಹಿಂದಿನಿಂದ ಮುಚ್ಚಿ, ಮೂತ್ರ ತಡೆಯುವ ಹಾಗೆ ಮುಂದಕ್ಕೆ ತನ್ನಿ, ಆಮೇಲೆ ಮೇಲಕ್ಕೆ ಎತ್ತಿ. ಹೇಳುವುದು ಸುಲಭ. ಎರಡು ಮೂರು ಸಲ ಮತ್ತೆ ಹೊಟ್ಟೆಯೇ ಎಳೆಯಿತು. ಬಯೋಫೀಡ್‌ಬ್ಯಾಕ್ ಯಂತ್ರ ಜೋಡಿಸಿದೆ. ಸ್ನಾಯು ಕೆಲಸ ಮಾಡಿದರೆ ಪರದೆಯ ಮೇಲೆ ಗೆರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹೊಟ್ಟೆಗೆ ಬೇರೆ ಗೆರೆ. ಹೊಟ್ಟೆಯ ಗೆರೆ ಮಲಗಿರಲಿ, ಕೆಳಗಿನದು ಏಳಲಿ ಅಂದೆ. ಹತ್ತು ನಿಮಿಷ ಇಬ್ಬರೂ ಪರದೆ ನೋಡುತ್ತಾ ಕೂತೆವು. ಇದ್ದಕ್ಕಿದ್ದ ಹಾಗೆ ಕೆಳಗಿನ ಗೆರೆ ಒಂದೇ ಎದ್ದಿತು.

"ಓ! ಇದಾ? ಇದು ಬಾವಿಯಿಂದ ನೀರು ಸೇದಿದ ಹಾಗಲ್ವಾ? ಮೇಲೆ ಬಂದ ಮೇಲೆ ಹಗ್ಗ ದಬಕ್ಕಂತ ಬಿಡಬಾರದು, ಮೆಲ್ಲಗೆ ಇಳಿಸಬೇಕು."

ನನ್ನ ಎಲ್ಲ ವಿವರಣೆಗಿಂತ ಇದು ಚೆನ್ನಾಗಿತ್ತು. ಅವತ್ತಿನಿಂದ ಬಾವಿ ಕಂಡಿರುವ ಎಲ್ಲರಿಗೂ ನಾನು ಹೀಗೇ ಹೇಳಿಕೊಡುತ್ತೇನೆ.

ಮೊದಲು ಮಲಗಿ, ಐದು ಸೆಕೆಂಡ್ ಹಿಡಿದು ಹತ್ತು ಸೆಕೆಂಡ್ ಬಿಡುವುದು, ಆರು ಸಲ. ಅದಾದ ಮೇಲೆ ಪಟಪಟ ಐದು ಸಲ. ಆರನೇ ವಾರಕ್ಕೆ ಕೂತು, ಎಂಟು ಸಲ, ದಿನಕ್ಕೆ ಮೂರು ಹೊತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಒಂದು ಸಲಕ್ಕೆ ಕನಿಷ್ಠ ಎಂಟು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು, ಹೇಳಿಕೊಡುವವರ ಮೇಲ್ವಿಚಾರಣೆಯಲ್ಲಿ. ಮೂರು ತಿಂಗಳು ಯಾಕೆ? ಸ್ನಾಯು ಬೆಳೆಯೋಕೆ ಅಷ್ಟು ಸಮಯ ಬೇಕು. ಎರಡು ವಾರಕ್ಕೆ ಗುಣ ಅಂತ ಯಾರೇ ಹೇಳಿದರೂ ನಂಬಬೇಡಿ. ಮೂತ್ರ ಮಾಡುವಾಗ ಮಧ್ಯದಲ್ಲಿ ತಡೆದು ಅಭ್ಯಾಸ ಮಾಡುವುದೂ ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ದಿನಕ್ಕೆ ಮೂರು ಹೊತ್ತು ಅಂದರೆ ಮರೆಯುವುದೇ ಜಾಸ್ತಿ. ಹಾಗಾಗಿ ಬೆಳಗ್ಗೆ ಹಾಲು ಕಾಯಿಸುವಾಗ ನಿಂತು, ಹಾಜರಿ ಕರೆಯುವ ಮೊದಲು ಕುರ್ಚಿಯಲ್ಲಿ ಕೂತು, ರಾತ್ರಿ ಹಾಸಿಗೆಯಲ್ಲಿ ಮಲಗಿ ಅಂತ ಗಂಟು ಹಾಕಿಕೊಂಡರು.

ಅರ್ಜೆಂಟ್‌ಗೆ ಬೇರೆ ಪಾಠ. ಕೀಲಿ ಹಾಕುವಾಗ ಒತ್ತಿಕೊಂಡು ಬಂತಾ? ಓಡಬೇಡಿ. ಅಲ್ಲೇ ನಿಲ್ಲಿ. ಪಟಪಟ ಐದಾರು ಸಲ ಸೇದಿ ಬಿಡಿ, ಉಸಿರಾಡಿ. ಆ ಒತ್ತಡ ಅಲೆಯ ಹಾಗೆ, ಏರಿ ಇಳಿಯುತ್ತದೆ. ಇಳಿದ ಮೇಲೆ ನಡೆದು ಹೋಗಿ. ಓಡಿದಷ್ಟೂ ಮೂತ್ರಕೋಶಕ್ಕೆ ಓಡಿಸುವುದೇ ಅಭ್ಯಾಸವಾಗುತ್ತದೆ. ಹೋಗುವ ಮಧ್ಯದ ಅಂತರವನ್ನು ವಾರಕ್ಕೆ ಹದಿನೈದು ನಿಮಿಷದ ಹಾಗೆ ಹೆಚ್ಚಿಸಿದೆವು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಸ್ ಹತ್ತುವ ಮೊದಲು "ಸುಮ್ನೆ ಒಂದ್ಸಲ" ಹೋಗದೆ ಇರುವುದು ಅವರಿಗೆ ವ್ಯಾಯಾಮಕ್ಕಿಂತ ದೊಡ್ಡ ಧೈರ್ಯದ ಕೆಲಸ.

ಎಂಟನೇ ವಾರ ಕೆಮ್ಮಿನ ಪಾಠ. ಕೆಮ್ಮು, ಸೀನು ಬರುವ ಅರೆಕ್ಷಣ ಮೊದಲು ಸೇದಿ ಹಿಡಿಯುವುದು. 1998ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಅಷ್ಟೇನೂ ಜಾಸ್ತಿ ಲೀಕ್ ಇಲ್ಲದ ವಯಸ್ಸಾದ ಹೆಂಗಸರಿಗೆ ಇದೊಂದನ್ನೇ ಒಂದು ವಾರ ಕಲಿಸಿದಾಗ, ಸಾಧಾರಣ ಕೆಮ್ಮಿಗೆ ಬೀಳುವ ಮೂತ್ರ ಹೆಚ್ಚುಕಮ್ಮಿ ನಿಂತೇಹೋಗಿತ್ತು. ಸ್ನಾಯು ಬೆಳೆಯೋಕೆ ಮೊದಲೇ ಸರಿಯಾದ ಹೊತ್ತಿಗೆ ಹಿಡಿಯುವುದರಿಂದಲೇ ಅಷ್ಟು ಆಗುತ್ತದೆ. ಅದನ್ನೇ ನೆಲದಿಂದ ಏಳುವುದಕ್ಕೂ ಹೊಂದಿಸಿದೆವು: ಕೈ ಊರಿ, ಉಸಿರು ಬಿಡುತ್ತಾ, ಸೇದಿ, ಏಳು. ನನ್ನ ಕ್ಲಿನಿಕ್ಕಿನ ಚಾಪೆಯ ಮೇಲೆ ಇಬ್ಬರೂ ಇಪ್ಪತ್ತು ಸಲ ಕೂತು ಎದ್ದೆವು.

ಮಧ್ಯದಲ್ಲಿ ಬಂದ ಸಮೀಕ್ಷೆ

2025ರ ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಶಿಕ್ಷಕರೇ ಮನೆಮನೆಗೆ ಹೋಗಬೇಕು. ಟೀಚರ್‌ದು ಆಗ ಹತ್ತನೇ ವಾರ. ಬಿಸಿಲಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನಡಿಗೆ, ಮೆಟ್ಟಿಲು, ಯಾರದೋ ಮನೆಯಲ್ಲಿ ಬಚ್ಚಲು ಕೇಳೋಕೆ ಸಂಕೋಚ. ಮತ್ತೆ ನೀರು ಬಿಟ್ಟರು. ಮಲಬದ್ಧತೆ ತಿರುಗಿ ಬಂತು. ಹನಿ ಜಾಸ್ತಿಯಾಯಿತು. ಮೂರು ವಾರ ನನ್ನ ಹತ್ತಿರ ಬರಲಿಲ್ಲ, ಫೋನೂ ಇಲ್ಲ.

ನಾನೇ ಮೆಸೇಜ್ ಮಾಡಿದೆ. ಉತ್ತರ ಬಂತು: "ಎಲ್ಲ ನೀರಲ್ಲಿ ಹೋಮ ಮಾಡಿದಂಗಾಯ್ತು ಮೇಡಂ. ಬಂದು ಏನು ಮಾಡ್ಲಿ?"

ಬನ್ನಿ, ಬರೀ ಅಳೆದು ನೋಡೋಣ ಅಂದೆ. ಬಂದರು. ಪರೀಕ್ಷೆಯಲ್ಲಿ ಬಲ ಐದಕ್ಕೆ ಮೂರು. ಹಿಡಿಯುವುದು ಏಳು ಸೆಕೆಂಡ್. ಜುಲೈಯಲ್ಲಿ ಮೂರೇ ಸೆಕೆಂಡ್ ಇತ್ತು. ಸ್ನಾಯು ಗಳಿಸಿದ್ದನ್ನು ಕಳೆದುಕೊಂಡಿರಲಿಲ್ಲ. ದಿನಚರಿ ತಪ್ಪಿತ್ತು ಅಷ್ಟೇ. ಎರಡೂ ಅಂಕಿ ಅಕ್ಕಪಕ್ಕ ಬರೆದು ತೋರಿಸಿದಾಗ ಅವರ ಕಣ್ಣಲ್ಲಿ ನೀರು ಬಂತು. ಅವತ್ತು ಬೇರೆ ಏನೂ ಮಾಡಲಿಲ್ಲ, ಚಹಾ ಕುಡಿದು ಮಾತಾಡಿದೆವು.

ಅವತ್ತು ರಾತ್ರಿ ಗಂಡನಿಗೆ ವಿಷಯ ಹೇಳಿದರಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಮಂಡಿ ಸರಿ ಇದೆಯಾ?" ಅಂತ ಕೇಳಿದರಂತೆ. ಮಾರನೇ ದಿನದಿಂದ ನೀರಿನ ಕೊಡ ಅವರೇ ಎತ್ತಿಡುತ್ತಿದ್ದಾರೆ. ಅದು ಶಾಶ್ವತವಾಗಿ ಬೇಕಾಗಿಲ್ಲ, ಭಾರ ಎತ್ತುವುದನ್ನೂ ನಾನು ಮೆಲ್ಲಗೆ ಅಭ್ಯಾಸ ಮಾಡಿಸುತ್ತಿದ್ದೆ. ಆದರೂ ಮನೆಯಲ್ಲಿ ಒಬ್ಬರಿಗೆ ಗೊತ್ತಾಯಿತಲ್ಲ, ಅದು ದೊಡ್ಡದು.

ಈಗ ಎಲ್ಲಿದ್ದಾರೆ

ಒಟ್ಟು ಹನ್ನೊಂದು ಭೇಟಿ. ಮೊದಲು ವಾರಕ್ಕೊಂದು, ಆಮೇಲೆ ಎರಡು ವಾರಕ್ಕೆ, ಕೊನೆಗೆ ತಿಂಗಳಿಗೊಂದು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯಿತು, ಇಲ್ಲದಿದ್ದರೆ ಇಷ್ಟು ಸಲ ಬರುತ್ತಿರಲಿಲ್ಲ ಅಂತ ಅವರೇ ಹೇಳಿದರು.

2026ರ ಜನವರಿಯ ಮರುಪರೀಕ್ಷೆ: ಬಲ ಐದಕ್ಕೆ ನಾಲ್ಕು. ಹಿಡಿಯುವುದು ಒಂಬತ್ತು ಸೆಕೆಂಡ್, ಬಿಡುವುದು ಪೂರ್ತಿ. ಬಲಗಡೆಯ ನೋವಿಲ್ಲ. ಹಗಲಲ್ಲಿ ಒಂದಕ್ಕೆ ಹೋಗುವುದು ಏಳು ಸಲ, ಪ್ರತಿ ಸಲ 220ರಿಂದ 300 ಮಿಲಿ. ಪ್ಯಾಡ್ ಹಾಕಿಕೊಂಡು ಒಂದು ಗಂಟೆ ನಡೆದು, ಕೆಮ್ಮಿ, ಕೂತು ಎದ್ದು ಮಾಡುವ ಪರೀಕ್ಷೆಯಲ್ಲಿ ಜುಲೈಯಲ್ಲಿ 18 ಗ್ರಾಂ ಸೋರಿತ್ತು, ಈಗ 2 ಗ್ರಾಂ. ಬಟ್ಟೆ ಮಡಚಿ ಇಡುವುದು ನಿಂತಿದೆ. ನೆಗಡಿ ಬಂದ ದಿನ ಮಾತ್ರ ಒಂದು ಪ್ಯಾಡ್. ಕೀಲಿ ಹಾಕುವಾಗಿನ ಅರ್ಜೆಂಟ್ ವಾರಕ್ಕೆ ಒಂದು ಸಲ ಬಂದರೆ ಹೆಚ್ಚು.

ಪೂರ್ತಿ ಹೋಗಿಲ್ಲ. ಶಾಲೆಯ ಕ್ರೀಡಾಕೂಟದಲ್ಲಿ ಮಕ್ಕಳ ಜೊತೆ ಹಗ್ಗದಾಟ ಆಡಿದಾಗ ಹನಿ ಬಿದ್ದಿತು. ಮೂತ್ರಕೋಶ ಜಾರಿರುವುದು ಮೊದಲ ಹಂತದಲ್ಲೇ ಇದೆ, ವ್ಯಾಯಾಮದಿಂದ ಅದು ವಾಪಸ್ ಜಾಗಕ್ಕೆ ಹೋಗುತ್ತದೆ ಅಂತ ನಾನು ಅವರಿಗೆ ಯಾವತ್ತೂ ಹೇಳಲಿಲ್ಲ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬರುತ್ತಿದೆ, ಆಗ ಹಾರ್ಮೋನ್ ಇಳಿದು ಆ ಜಾಗ ಒಣಗಬಹುದು. ಹಾಗಾದರೆ ಸ್ತ್ರೀರೋಗ ತಜ್ಞೆ ಕೊಡುವ ಕ್ರೀಮ್ ಬೇಕಾಗಬಹುದು ಅಂತ ಈಗಲೇ ತಿಳಿಸಿದ್ದೇನೆ. ಇದರಿಂದ ಸರಿಹೋಗದೆ ಆಪರೇಷನ್ ಬೇಕಾಗುವವರೂ ಇದ್ದಾರೆ, ಅದರಲ್ಲಿ ಯಾರೂ ಸೋತ ಹಾಗಲ್ಲ. ಆದರೆ ಮೊದಲು ಮಾಡಿ ನೋಡಬೇಕಾದದ್ದು ಇದು. 2018ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆಯಲ್ಲಿ, ಕೆಮ್ಮಿದರೆ ಸೋರುವ ತೊಂದರೆ ಇದ್ದು ಈ ತರಬೇತಿ ಪಡೆದವರಲ್ಲಿ ನೂರಕ್ಕೆ 56 ಮಂದಿ ಗುಣವಾಯಿತು ಅಂದಿದ್ದರು. ಏನೂ ಮಾಡದವರಲ್ಲಿ ನೂರಕ್ಕೆ 6.

ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಈ ಚಿಕಿತ್ಸೆ ಇದೆ. ಸೇರುವಾಗ ತಡೆಯಲಾಗದ ನೋವಿರುವ ಹುಡುಗಿಯರಿಗೂ ಇದೆ. ಅವರಲ್ಲಿ ಎಷ್ಟೋ ಜನಕ್ಕೆ ಕೀಗಲ್ ಮಾಡಿಸುವುದೇ ಇಲ್ಲ, ಬಿಡುವುದನ್ನು ಮಾತ್ರ ಕಲಿಸುತ್ತೇವೆ. ಅವರ ಕಥೆ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಟೀಚರ್ ಈಗ ದಿನಕ್ಕೆ ಒಂದು ಹೊತ್ತು, ಹಾಲು ಕಾಯಿಸುವಾಗ ಮಾತ್ರ ಮಾಡುತ್ತಾರೆ. ಕೆಮ್ಮಿಗೆ ಸೇದುವುದು ಹೇಳಿಕೊಡದೆಯೇ ಬರುತ್ತದಂತೆ. ಮುಂದಿನ ಭೇಟಿ ಜುಲೈಗೆ. ಹೋದ ವಾರ ಫೋನ್ ಮಾಡಿ, ಶಾಲೆಯ ಬಿಸಿಯೂಟದ ಅಡುಗೆ ಅಕ್ಕನಿಗೂ ಒಂದು ದಿನ ಕೊಡಿ ಅಂದರು. ಅನ್ನದ ದೊಡ್ಡ ಪಾತ್ರೆ ಇಳಿಸುವಾಗಲೆಲ್ಲ ಆಕೆಗೆ ಆಗುತ್ತದಂತೆ, ಹನ್ನೆರಡು ವರ್ಷದಿಂದ. "ಮೊದಲ ದಿನ ಬರೀ ಮಾತಾಡ್ತಾರೆ, ಹೆದರಬೇಡ ಅಂತ ಹೇಳಿದೀನಿ," ಅಂದರು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬರೆದುಕೊಂಡಿದ್ದೇನೆ.